ಹತ್ತು ಜನರ ಮನೆಗೆ ಒಂದೇ ಮೀಟರ್

ನೀರಿನ ಬಿಲ್ ಬಂದ ದಿನ ದೊಡ್ಡ ಕುಟುಂಬಗಳಲ್ಲಿ ಒಂದು ವಿಚಾರಣೆ ನಡೆಯುತ್ತದೆ. ಆರೋಪಿಗಳು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಪಾತ್ರೆ ತೊಳೆಯುವ ಸೊಸೆ, ಬಚ್ಚಲಿನಿಂದ ಬೇಗ ಹೊರಬಾರದ ಮಗಳು, ದಿನಕ್ಕೆರಡು ಸಲ ಬಟ್ಟೆ ಕೊಳೆ ಮಾಡಿಕೊಳ್ಳುವ ಮೊಮ್ಮಗ. ಬಿಲ್ಲಿನ ಮೊತ್ತವನ್ನು ಎಲ್ಲರೂ ನೋಡುತ್ತಾರೆ, ಆ ಮೊತ್ತ ಹೇಗೆ ಬಂತೆಂದು ನೋಡುವವರು ಕಡಿಮೆ. ನೋಡಿದರೆ ಗೊತ್ತಾಗುವ ಸಂಗತಿಯೇ ಬೇರೆ. ಅದರಲ್ಲೊಂದು ದೊಡ್ಡ ಪಾಲು ಯಾರ ದುಂದುಗಾರಿಕೆಯಿಂದಲೂ ಬಂದದ್ದಲ್ಲ. ಒಂದೇ ಸೂರಿನಡಿ ಹತ್ತು ಜನ ಬಾಳುತ್ತಿದ್ದಾರೆ ಎಂಬುದಕ್ಕಾಗಿಯೇ ಬಂದದ್ದು.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಜಲಮಂಡಳಿಯ ಗೃಹಬಳಕೆಯ ದರ ಹಂತ ಹಂತವಾಗಿ ಏರುತ್ತದೆ. ತಿಂಗಳಿಗೆ ಮೊದಲ 8,000 ಲೀಟರ್‌ವರೆಗೆ ಒಂದು ದರ, ಅಲ್ಲಿಂದ 25,000 ಲೀಟರ್‌ವರೆಗೆ ಇನ್ನೊಂದು, 50,000ದವರೆಗೆ ಮತ್ತೊಂದು, ಅದರಾಚೆಗೆ ಎಲ್ಲಕ್ಕಿಂತ ದುಬಾರಿ. 2014ರಲ್ಲಿ ನಿಗದಿಯಾದ ದರಗಳು ಸಾವಿರ ಲೀಟರಿಗೆ ಕ್ರಮವಾಗಿ 7, 11, 26 ಮತ್ತು 45 ರೂಪಾಯಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ನಡೆಯಿತು. 2025ರ ಏಪ್ರಿಲ್‌ನಲ್ಲಿ ದರ ಏರಿತು, ಏರಿಕೆಯೂ ಮೇಲಿನ ಹಂತಗಳಿಗೇ ಹೆಚ್ಚು. ಲೆಕ್ಕ ಬಾಯಲ್ಲೇ ಮಾಡಲು ಸುಲಭವೆಂದು ನಾನಿಲ್ಲಿ 2014ರ ದರವನ್ನೇ ಇಟ್ಟುಕೊಳ್ಳುತ್ತೇನೆ. ಈಗಿನ ದರ ನಿಮ್ಮ ಬಿಲ್ಲಿನ ಮೇಲೆಯೇ ಇರುತ್ತದೆ, ಅದನ್ನು ಹಾಕಿ ನೋಡಿದರೂ ಕಥೆ ಇದೇ.

ಒಂದು ಮನೆಯಲ್ಲಿ ನಾಲ್ವರು ಇದ್ದಾರೆ. ಧಾರಾಳಿಗಳು, ತಲೆಗೆ ದಿನಕ್ಕೆ 200 ಲೀಟರ್ ಬಳಸುತ್ತಾರೆ. ತಿಂಗಳಿಗೆ 24,000 ಲೀಟರ್ ಆಯಿತು. ಅವರ ನೀರಿನ ಶುಲ್ಕ 232 ರೂಪಾಯಿ. ಪಕ್ಕದ ಮನೆಯಲ್ಲಿ ಹತ್ತು ಜನ. ತಲೆಗೆ 100 ಲೀಟರಿನಲ್ಲಿ, ಅಂದರೆ ಆ ಮನೆಯವರ ಅರ್ಧದಲ್ಲಿ, ಕೈ ಬಿಗಿ ಹಿಡಿದು ಬದುಕುತ್ತಾರೆ. ತಿಂಗಳಿಗೆ 30,000 ಲೀಟರ್, ಶುಲ್ಕ 373 ರೂಪಾಯಿ. ಸಾವಿರ ಲೀಟರಿಗೆ ಧಾರಾಳಿಗಳು ಕೊಟ್ಟದ್ದು ಸುಮಾರು 9 ರೂಪಾಯಿ 67 ಪೈಸೆ, ಬಿಗಿ ಕೈಯವರು ಕೊಟ್ಟದ್ದು 12 ರೂಪಾಯಿ 43 ಪೈಸೆ. ಕಡಿಮೆ ಬಳಸಿದವರಿಗೇ ದರ ಹೆಚ್ಚು! ನಗರಗಳಿಗೆ ಸರಕಾರ ಒಪ್ಪಿದ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಹತ್ತು ಜನರ ಮನೆ ಆ ಮಾನದಂಡವನ್ನು ಒಂದು ಹನಿಯೂ ಮೀರದೆ ಪಾಲಿಸಿದರೆ ತಿಂಗಳಿಗೆ 40,500 ಲೀಟರ್ ಆಗುತ್ತದೆ, ಶುಲ್ಕ 646 ರೂಪಾಯಿ. ಹದಿನಾಲ್ಕು ಜನರಾದರೆ ಕೊನೆಯ ಹಂತವನ್ನೇ ಮುಟ್ಟುತ್ತಾರೆ. ಮೀಟರ್ ದೃಷ್ಟಿಯಲ್ಲಿ ಇವರು ಪೋಲು ಮಾಡುವವರು.

ಅದೇ ಹತ್ತು ಜನ ಬೇರೆ ಬೇರೆ ಮನೆ ಮಾಡಿಕೊಂಡರು ಎನ್ನೋಣ. ಅಣ್ಣನ ಮನೆಯಲ್ಲಿ ಆರು, ತಮ್ಮನ ಮನೆಯಲ್ಲಿ ನಾಲ್ಕು. ಬಳಕೆ ಅಷ್ಟೇ, ತಲೆಗೆ 135. ಅಣ್ಣನ ಶುಲ್ಕ ಸುಮಾರು 235, ತಮ್ಮನದು 146, ಎರಡೂ ಸೇರಿ 381 ರೂಪಾಯಿ. ಒಟ್ಟಿಗಿದ್ದಾಗ ಕೊಡುತ್ತಿದ್ದದ್ದು 646. ಅಂದರೆ ಅಮ್ಮನ ಜೊತೆ ಒಂದೇ ಮನೆಯಲ್ಲಿ ಉಳಿದುದಕ್ಕೆ ತಿಂಗಳಿಗೆ 265 ರೂಪಾಯಿ ಹೆಚ್ಚುವರಿ. ಇದರ ಮೇಲೆ ನೀರಿನ ಶುಲ್ಕದ ಕಾಲು ಭಾಗದಷ್ಟು ಒಳಚರಂಡಿ ಶುಲ್ಕವೂ ಬೀಳುವುದರಿಂದ ವರ್ಷಕ್ಕೆ ಸುಮಾರು ನಾಲ್ಕು ಸಾವಿರ. ಕೂಲಿಯಿಂದ, ಸಣ್ಣ ಅಂಗಡಿಯಿಂದ ನಡೆಯುವ ಸಂಸಾರಕ್ಕೆ ಇದು ನಾಲ್ಕು ಗ್ಯಾಸ್ ಸಿಲಿಂಡರಿನ ಹಣ.

ದೊಡ್ಡ ಕುಟುಂಬವೆಂದ ಕೂಡಲೇ ಕೆಲವರು ನಮ್ಮ ಕಡೆ ಬೆರಳು ತೋರಿಸುತ್ತಾರೆ. ಅದಕ್ಕೆ ಉತ್ತರ ಕೊಡುತ್ತಾ ಕೂರುವ ಅಗತ್ಯವಿಲ್ಲ. ವಯಸ್ಸಾದ ತಂದೆ ತಾಯಿ, ಮದುವೆಯಾಗದ ತಂಗಿ, ಊರಿನಿಂದ ಓದಲು ಬಂದ ಅಣ್ಣನ ಮಗ, ಇವರೆಲ್ಲ ಇರುವ ಮನೆಗಳು ಎಲ್ಲ ಸಮುದಾಯಗಳಲ್ಲೂ ಇವೆ. ಎರಡು ಮಹಡಿ ಬಾಡಿಗೆಗೆ ಕೊಟ್ಟು ಒಂದೇ ಮೀಟರಿನಲ್ಲಿ ನಡೆಯುವ ಮನೆಗಳದ್ದೂ ಇದೇ ಪಾಡು, ಅಲ್ಲಿ ದುಬಾರಿ ಹಂತದ ಭಾರ ಬಾಡಿಗೆದಾರರ ತಲೆಯ ಮೇಲೆ.

ಹಂತದ ದರವೇ ತಪ್ಪು ಎಂದು ನಾನು ಹೇಳುವುದಿಲ್ಲ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ, ಪಂಪುಗಳ ಬಲದಿಂದ ಬೆಂಗಳೂರಿಗೆ ಏರಿ ಬರುತ್ತದೆ. ಆ ವಿದ್ಯುತ್ತಿನ ಖರ್ಚು ಯಾರಾದರೂ ಕೊಡಲೇಬೇಕು. ಈಜುಕೊಳ ತುಂಬಿಸುವವನೂ ಕುಡಿಯಲು ಹಿಡಿಯುವವನೂ ಒಂದೇ ದರ ಕೊಡುವುದು ನ್ಯಾಯವಲ್ಲ. ಇನ್ನೊಂದು ಮಾತನ್ನೂ ಮರೆಯಬಾರದು. 2024ರ ಮಾರ್ಚ್‌ನ ಬರಗಾಲದಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿದಾಗ, ಹತ್ತಿರದ ಊರಿಗೇ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದಿತ್ತು. ಅಂದರೆ ಮೀಟರಿನ ಅತಿ ದುಬಾರಿ ಹಂತವೂ ಟ್ಯಾಂಕರಿನ ಅರ್ಧಕ್ಕೆ ಸಿಗುತ್ತಿತ್ತು. ಮೀಟರನ್ನು ಶಪಿಸುವ ಮೊದಲು ಮೀಟರೇ ಇಲ್ಲದ ಬಡಾವಣೆಗಳವರನ್ನು ಒಮ್ಮೆ ಕೇಳಿ.

ತಪ್ಪಿರುವುದು ಎಣಿಕೆಯಲ್ಲಿ. ದರ ಕಟ್ಟುವವರು ಮನೆಗಳನ್ನು ಎಣಿಸುತ್ತಾರೆ, ತಲೆಗಳನ್ನು ಎಣಿಸುವುದಿಲ್ಲ. ದೆಹಲಿಯಲ್ಲಿ 2015ರಿಂದ ತಿಂಗಳಿಗೆ 20,000 ಲೀಟರ್ ಉಚಿತ, ಆದರೆ ಅದನ್ನು ಮೀರಿದರೆ ಮೊದಲ ಲೀಟರಿನಿಂದಲೇ ದುಡ್ಡು ಕೊಡಬೇಕು. ಮೂವರಿರುವ ಮನೆ ಆರಾಮವಾಗಿ ಉಚಿತದ ಒಳಗಿರುತ್ತದೆ, ಎಂಟು ಜನರ ಬಡ ಕುಟುಂಬಕ್ಕೆ ಆ ಯೋಜನೆಯ ಲಾಭ ಸಿಗುವುದು ಕಷ್ಟ. ಬೇರೆ ದಾರಿ ಇಲ್ಲವೆಂದಲ್ಲ. ಬ್ರಿಟನ್ನಿನ ಇಂಗ್ಲೆಂಡಿನಲ್ಲಿ 'ವಾಟರ್‌ಶ್ಯೂರ್' ಎಂಬ ವ್ಯವಸ್ಥೆಯಿದೆ. ಸರಕಾರದ ನೆರವು ಪಡೆಯುವ, ಮೀಟರ್ ಇರುವ ಮನೆಯಲ್ಲಿ ಓದುವ ವಯಸ್ಸಿನ ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ, ಅಥವಾ ಹೆಚ್ಚು ನೀರು ಬೇಕಾಗುವ ಕಾಯಿಲೆಯವರಿದ್ದರೆ, ಅವರ ಬಿಲ್ಲಿಗೆ ಒಂದು ಮಿತಿ ಹಾಕುತ್ತಾರೆ. ಎಷ್ಟು ಬಳಸಿದರೂ ಆ ಕಂಪೆನಿಯ ಸರಾಸರಿ ಬಿಲ್ಲಿಗಿಂತ ಹೆಚ್ಚು ಕೊಡಬೇಕಿಲ್ಲ. ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ಕಡಿಮೆ ದರದ ನೀರಿನ ಪಾಲು ಮನೆಯ ಸದಸ್ಯರ ಸಂಖ್ಯೆಯ ಜೊತೆ ಹೆಚ್ಚುತ್ತಾ ಹೋಗುತ್ತದೆ.

ಇಲ್ಲಿ ತಲೆ ಎಣಿಸುವುದು ಹೇಗೆ, ಜನ ಸುಳ್ಳು ಲೆಕ್ಕ ಕೊಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅನ್ನಭಾಗ್ಯದ ಅಕ್ಕಿಯನ್ನು ನಮ್ಮ ಸರಕಾರ ಮನೆಗಿಷ್ಟು ಎಂದು ಕೊಡುತ್ತಿಲ್ಲ, ಪಡಿತರ ಚೀಟಿಯಲ್ಲಿರುವ ತಲೆಗಿಷ್ಟು ಎಂದು ಕೊಡುತ್ತಿದೆ. ಹತ್ತು ಜನರ ಚೀಟಿಗೆ ನಾಲ್ಕು ಜನರ ಅಕ್ಕಿ ಕೊಟ್ಟಿದ್ದರೆ ಅನ್ಯಾಯವೆಂದು ಯಾರೂ ಸುಮ್ಮನಿರುತ್ತಿರಲಿಲ್ಲ. ಅಕ್ಕಿಗೆ ಎಣಿಸಿದ ತಲೆಯನ್ನು ನೀರಿಗೂ ಎಣಿಸಬಹುದು. ಆರು ಜನರನ್ನು ಮೀರಿದ ಬಡ ಕುಟುಂಬಕ್ಕೆ ಹಂತದ ಗಡಿಯನ್ನು ತಲೆಗೆ ತಕ್ಕಂತೆ ಹಿಗ್ಗಿಸಿದರೂ ಸಾಕು. ನಮ್ಮ ಮೊಹಲ್ಲಾ ಸಮಿತಿಗಳು, ಜಮಾಅತ್‌ಗಳು ಅನೇಕ ವಿಷಯಗಳಿಗೆ ಮನವಿ ಬರೆಯುತ್ತವೆ. ಮುಂದಿನ ದರ ಪರಿಷ್ಕರಣೆಯ ಮಾತು ಕೇಳಿಬಂದಾಗ ಈ ಒಂದು ಸಾಲನ್ನೂ ಬರೆದು ಶಾಸಕರಿಗೂ ಜಲಮಂಡಳಿಗೂ ಕಳುಹಿಸಲಿ. ಅಕ್ಕಪಕ್ಕದ ಹಿಂದೂ, ಕ್ರೈಸ್ತ ಕೂಡು ಕುಟುಂಬಗಳ ಸಹಿಯೂ ಅದರಲ್ಲಿರಲಿ, ಬೇಡಿಕೆ ಅವರದ್ದೂ ಹೌದು.

ಅದು ಆಗುವವರೆಗೆ ಬಿಲ್ ಕಟ್ಟುತ್ತಿರಲೇಬೇಕು. ಹಂತದ ದರಕ್ಕೆ ಇನ್ನೊಂದು ಮುಖವೂ ಇದೆ, ಅದು ನಮ್ಮ ಅನುಕೂಲಕ್ಕೆ ಬರುವಂಥದ್ದು. ಚಿಕ್ಕ ಮನೆ 5,000 ಲೀಟರ್ ಉಳಿಸಿದರೆ ಅವರಿಗೆ ಸಿಗುವುದು 55 ರೂಪಾಯಿ. ಹತ್ತು ಜನರ ಮನೆ ಅಷ್ಟೇ ಉಳಿಸಿದರೆ 130, ಒಳಚರಂಡಿ ಶುಲ್ಕದ ಉಳಿತಾಯ ಸೇರಿ 160ರ ಮೇಲೆ. ಆದ್ದರಿಂದ ದೊಡ್ಡ ಕುಟುಂಬ ತಲೆ ಕೆಡಿಸಿಕೊಳ್ಳಬೇಕಾದದ್ದು ಪೂರ್ತಿ ನಲವತ್ತು ಸಾವಿರದ ಬಗ್ಗೆ ಅಲ್ಲ, ಕೊನೆಯ ಐದು ಸಾವಿರದ ಬಗ್ಗೆ. ಅದು ಎಲ್ಲಿ ಹೋಗುತ್ತಿದೆ?

ಮೊದಲು ಮೀಟರ್ ಓದಲು ಕಲಿಯಬೇಕು. ಕಪ್ಪು ಅಂಕಿಗಳು ಸಾವಿರ ಲೀಟರಿನ ಲೆಕ್ಕ, ಕೆಂಪು ಅಂಕಿಗಳು ಅದರ ಚಿಲ್ಲರೆ. ಪ್ರತಿ ಶುಕ್ರವಾರ ಜುಮಾಗೆ ಹೊರಡುವ ಮುನ್ನ ಮನೆಯ ಯಾರಾದರೊಬ್ಬ ಗಂಡಸು ಕಪ್ಪು ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯಲಿ. ಗಂಡಸು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನೀರಿನ ಲೆಕ್ಕವನ್ನು ಹೆಂಗಸರಿಂದ ಕೇಳುವ ಮನೆಗಳಲ್ಲಿ ಮೀಟರ್ ಎಲ್ಲಿದೆ ಎಂದೇ ಗಂಡಸರಿಗೆ ಗೊತ್ತಿರುವುದಿಲ್ಲ. ಒಂದು ವಾರದಲ್ಲಿ 9 ಅಂಕಿ ಏರಿದರೆ 9,000 ಲೀಟರ್. ಅದನ್ನು ಏಳು ದಿನಕ್ಕೂ ಹತ್ತು ಜನಕ್ಕೂ ಭಾಗಿಸಿದರೆ ತಲೆಗೆ ಸುಮಾರು 128 ಲೀಟರ್. ಈ ಸಂಖ್ಯೆ 135ರ ಆಸುಪಾಸಿನಲ್ಲಿದ್ದರೆ ನಿಮ್ಮ ಮನೆಯಲ್ಲಿ ಯಾರೂ ಅಪರಾಧಿಗಳಲ್ಲ, ವಿಚಾರಣೆ ನಿಲ್ಲಿಸಿ. 180, 200 ಎಂದು ಬಂದರೆ ಮನುಷ್ಯರನ್ನು ಹಿಡಿಯುವ ಮೊದಲು ಕೊಳವೆಗಳನ್ನು ಹಿಡಿಯಿರಿ.

ಎಲ್ಲ ನಲ್ಲಿ ಮುಚ್ಚಿ ಮೀಟರ್ ತಿರುಗುತ್ತದೆಯೇ ನೋಡಿ ಎಂಬ ಸಲಹೆ ನಮ್ಮ ಹೆಚ್ಚಿನ ಮನೆಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೀಟರ್ ಇರುವುದು ಸಂಪಿಗೆ ಮೊದಲು. ಸಂಪಿನಿಂದಾಚೆ ಎಷ್ಟು ಸೋರಿದರೂ ಅದಕ್ಕೆ ತಿಳಿಯದು, ನೀರು ಬಿಟ್ಟ ದಿನ ಸಂಪು ತುಂಬುವಾಗಷ್ಟೇ ಎಣಿಸುತ್ತದೆ. ಆದ್ದರಿಂದ ನೀರು ಬರದ ರಾತ್ರಿ ಮೋಟಾರ್ ಬಂದ್ ಮಾಡಿ, ಸಂಪಿನೊಳಗೆ ಒಂದು ಕೋಲು ಇಳಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮೋಟಾರ್ ಹಾಕುವ ಮೊದಲು ಮತ್ತೆ ನೋಡಿ. ಆರಡಿ ಅಗಲ ಆರಡಿ ಉದ್ದದ ಸಂಪಿನಲ್ಲಿ ಒಂದು ಇಂಚು ಇಳಿದಿದ್ದರೆ ಸುಮಾರು 85 ಲೀಟರ್ ನೆಲಕ್ಕೆ ಹೋಗಿದೆ ಎಂದರ್ಥ. ಇದು ದುಡ್ಡಿನ ವಿಷಯ ಮಾತ್ರವಲ್ಲ. ನೀರು ಹೊರಹೋಗುವ ಬಿರುಕಿನಿಂದ, ಸಂಪು ಖಾಲಿಯಾದಾಗ ಹೊರಗಿನ ಕೊಳೆಯೂ ಒಳಬರುತ್ತದೆ. ಬೆಂಗಳೂರಿನ ಹಳೆಯ ಗಲ್ಲಿಗಳಲ್ಲಿ ಸಂಪಿಗೂ ಚರಂಡಿಗೂ ಎರಡಡಿ ಅಂತರವೂ ಇರುವುದಿಲ್ಲ. ಮನೆಮಂದಿಗೆಲ್ಲ ಒಟ್ಟಿಗೆ ವಾಂತಿ ಭೇದಿ ಶುರುವಾದರೆ ಹೊರಗಿನ ತಿಂಡಿಯನ್ನು ದೂರುವ ಮೊದಲು ಸಂಪನ್ನು ನೋಡಬೇಕು.

ಮೇಲಿನ ಟ್ಯಾಂಕಿನ ಪರೀಕ್ಷೆಯೂ ಹೀಗೆಯೇ, ಎಲ್ಲರೂ ಮಲಗಿದ ಮೇಲೆ ಗುರುತು, ತಹಜ್ಜುದ್‌ಗೋ ಫಜ್ರ್‌ಗೋ ಎದ್ದವರು ನಲ್ಲಿ ತೆರೆಯುವ ಮೊದಲು ಮರುಗುರುತು. ಅಲ್ಲಿ ಮಟ್ಟ ಇಳಿದಿದ್ದರೆ ಹೆಚ್ಚಾಗಿ ಕಳ್ಳ ಯಾರೆಂದರೆ ಫ್ಲಶ್ ಟ್ಯಾಂಕು. ಅದರ ವಾಲ್ವಿನ ರಬ್ಬರ್ ಸವೆದರೆ ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗಬಹುದು, ನೆಲ ಒದ್ದೆಯಾಗದ ಕಾರಣ ಯಾರಿಗೂ ಕಾಣದು. ಬಿರಿಯಾನಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ ಕಾಲು ಗಂಟೆ ಯಾರೂ ಶೌಚಾಲಯಕ್ಕೆ ಹೋಗದಂತೆ ನೋಡಿಕೊಳ್ಳಿ. (ಹತ್ತು ಜನರ ಮನೆಯಲ್ಲಿ ಕಷ್ಟದ ಭಾಗ ಇದೇ.) ಕೆಳಗಿನ ಬೇಸಿನ್ನಿನಲ್ಲಿ ಬಣ್ಣ ಕಂಡರೆ ಪ್ಲಂಬರನ್ನು ಕರೆಸಿ. ಅವನ ಕೂಲಿಯೂ ರಬ್ಬರಿನ ಬೆಲೆಯೂ ಕೆಲವೇ ತಿಂಗಳ ಬಿಲ್ಲಿನಲ್ಲಿ ವಾಪಸು ಬರುತ್ತದೆ. ಟ್ಯಾಂಕು ಹಳೆಯ ಹತ್ತು ಲೀಟರಿನದ್ದಾದರೆ, ಒಂದು ಲೀಟರಿನ ಬಾಟಲಿಗೆ ನೀರು ತುಂಬಿ ಮುಚ್ಚಳ ಬಿಗಿದು ಒಳಗೆ ನಿಲ್ಲಿಸಿ. ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ದಿನಕ್ಕೆ 45 ಸಲ ಎಳೆಯುವ ಮನೆಯಲ್ಲಿ ತಿಂಗಳಿಗೆ 1,350 ಲೀಟರ್ ಆಯಿತು. ಇಟ್ಟಿಗೆ ಇಡಬೇಡಿ, ಅದು ಕರಗಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ವುಝೂ. ಈ ಪುಟಗಳಲ್ಲಿ ಇದನ್ನು ಹೇಳದಿದ್ದರೆ ಬೇರೆಲ್ಲೂ ಯಾರೂ ಹೇಳುವುದಿಲ್ಲ. ನಲ್ಲಿಯ ಕೆಳಗೆ ಒಂದು ಟಬ್ ಇಟ್ಟು ಮಕ್ಕಳಿಗೆ ಎಂದಿನಂತೆ ವುಝೂ ಮಾಡಲು ಹೇಳಿ, ಆಮೇಲೆ ಟಬ್ಬಿನ ನೀರನ್ನು ಲೀಟರಿನಲ್ಲಿ ಅಳೆಯಿರಿ. ನಲ್ಲಿ ಧಾರಾಳವಾಗಿ ತೆರೆದಿದ್ದರೆ ಆರು ಲೀಟರ್ ಏನೂ ಹೆಚ್ಚಲ್ಲ. ಮನೆಯಲ್ಲಿ ದಿನಕ್ಕೆ ಮೂವತ್ತು ವುಝೂ ಆದರೆ 180 ಲೀಟರ್, ತಿಂಗಳಿಗೆ 5,400. ಅದೇ ವುಝೂವನ್ನು ಚೊಂಬಿನಲ್ಲೋ ಗಿಂಡಿಯಲ್ಲೋ ಬದ್ನಾದಲ್ಲೋ ಒಂದೂವರೆ ಲೀಟರಿನಲ್ಲಿ ಮುಗಿಸಿದರೆ ತಿಂಗಳಿಗೆ 1,350. ಉಳಿದದ್ದು ನಾಲ್ಕು ಸಾವಿರಕ್ಕೂ ಹೆಚ್ಚು. ನಾವು ಹುಡುಕುತ್ತಿದ್ದ ಕೊನೆಯ ಐದು ಸಾವಿರ ಲೀಟರ್, ಫ್ಲಶ್ಶಿನ ಬಾಟಲಿ ಮತ್ತು ವುಝೂವಿನ ಗಿಂಡಿ ಇವೆರಡರಲ್ಲೇ ಸಿಕ್ಕಿಬಿಟ್ಟಿತು. ಅಡುಗೆಮನೆಯನ್ನು ಮುಟ್ಟಲೇ ಇಲ್ಲ, ಸೊಸೆಯ ಹೆಸರೆತ್ತಲೇ ಇಲ್ಲ.

ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಅನಸ್(ರ)ರಿಂದ ಬಂದ ವರದಿ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮುದ್ದ್ ಎಂದರೆ ಎರಡು ಕೈ ಜೋಡಿಸಿದ ಬೊಗಸೆಯಷ್ಟು, ಮುಕ್ಕಾಲು ಲೀಟರನ್ನು ಮೀರುವುದಿಲ್ಲ. ಇಂದಿನ ಮಕ್ಕಳನ್ನು ಮುಕ್ಕಾಲು ಲೀಟರಿಗೆ ಕಟ್ಟಿಹಾಕಿ ಎಂದು ನಾನು ಹೇಳಲಾರೆ. ಆದರೆ ಆರು ಲೀಟರ್ ಸುರಿದು, ಅದನ್ನೇ ಹೆಚ್ಚಿನ ಶುದ್ಧಿ ಎಂದುಕೊಳ್ಳುವವರಿಗೆ ಈ ಅಳತೆ ತಿಳಿದಿರಲಿ. ಮದರಸಾದಲ್ಲಿ ವುಝೂವಿನ ಕ್ರಮ ಕಲಿಸುವ ಉಸ್ತಾದರು ಒಂದು ದಿನ ಗಿಂಡಿ ಹಿಡಿದು ಕಲಿಸಿದರೆ, ಹತ್ತು ಮನೆಗಳ ಬಿಲ್ ಇಳಿದೀತು. ಗಿಂಡಿ ಹಳೆಯ ಕಾಲದ್ದು ಎನಿಸಿದರೆ ನಲ್ಲಿಯ ಬಾಯಿಗೆ ಹಾಕುವ ಏರೇಟರ್ ಇದೆ, ಗಾಳಿ ಬೆರೆಸಿ ಧಾರೆಯನ್ನು ತೆಳುವಾಗಿಸುತ್ತದೆ. 2024ರಲ್ಲಿ ಜಲಮಂಡಳಿ ಹೋಟೆಲು, ಕಚೇರಿ, ಅಪಾರ್ಟ್‌ಮೆಂಟುಗಳ ಸಾರ್ವಜನಿಕ ಜಾಗಗಳಿಗೆ ಇದನ್ನು ಕಡ್ಡಾಯ ಮಾಡಿತು. ನಮ್ಮ ಮಸೀದಿಗಳ ಹೌಝಿನ ನಲ್ಲಿಗಳಿಗೂ ಮೊಹಲ್ಲಾ ಸಮಿತಿಗಳು ಕಡ್ಡಾಯವಾಗಲಿ ಎಂದು ಕಾಯದೆ ಹಾಕಿಸಿಕೊಳ್ಳಬಹುದು.

ಬಟ್ಟೆ ಒಗೆಯುವ ವಿಷಯ ಬೇಗ ಮುಗಿಸುತ್ತೇನೆ. ಮೆಷಿನ್ ಪೂರ್ತಿ ತುಂಬಿದಾಗಲೇ ಹಾಕಿ, ಕೊನೆಯ ಸಲ ಜಾಲಿಸಿದ ನೀರನ್ನು ಬಕೆಟಿಗೆ ಹಿಡಿದು ಶೌಚಾಲಯಕ್ಕೆ, ಅಂಗಳಕ್ಕೆ ಬಳಸಿ. ಕುಡಿಯುವ ನೀರಿನ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲಿಬಿಡುವುದುಂಟು, ಆ ಪೈಪನ್ನು ಸಿಂಕಿಗೆ ಬಿಡದೆ ಡಬ್ಬಕ್ಕೆ ಬಿಟ್ಟರೆ ನೆಲ ಒರೆಸಲು ಸಾಕು. ಗಿಡಗಳಿಗೆ ದಿನವೂ ಅದನ್ನೇ ಹಾಕಬೇಡಿ, ಉಪ್ಪಿನಂಶ ಹೆಚ್ಚು. ಕಾವೇರಿ ನೀರು ಬರುವ ಮನೆಗಳಿಗೆ ಆರ್‌ಒ ಬೇಕೇ ಎಂಬುದನ್ನೂ ಕೇಳಿಕೊಳ್ಳಿ. ಹೆಚ್ಚಿನ ಕಡೆ ಸೋಸಿ ಕುದಿಸಿದರೆ ಸಾಲುತ್ತದೆ.

ಈಗ ಉಳಿತಾಯ ಮಾಡಬಾರದ ಜಾಗಗಳು. ನನಗೆ ಬಿಲ್ಲಿಗಿಂತ ಹೆಚ್ಚು ಚಿಂತೆ ಇದೇ, ಏಕೆಂದರೆ ಬಿಲ್ ಏರಿದಾಗ ಮನೆಗಳು ಮೊದಲು ಕತ್ತರಿ ಹಾಕುವುದು ತಪ್ಪು ಕಡೆ. ಒಬ್ಬ ಮನುಷ್ಯನ ಕುಡಿಯುವ, ಅಡುಗೆಯ, ಶುಚಿತ್ವದ ಮೂಲ ಅಗತ್ಯಗಳಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಲೆಗೆ ನೂರರ ಸುತ್ತ ಇರುವ ಮನೆ ಇನ್ನೂ ಹಿಂಡಲು ಹೋದರೆ ಆರೋಗ್ಯವನ್ನೇ ಹಿಂಡುತ್ತದೆ. ಸಾಬೂನು ಹಚ್ಚಿ ಕೈ ಉಜ್ಜುವ ಇಪ್ಪತ್ತು ಸೆಕೆಂಡು ನಲ್ಲಿ ನಿಲ್ಲಿಸಿ, ಆದರೆ ಕೈ ತೊಳೆಯುವುದನ್ನೇ ಬಿಡಬೇಡಿ. ಇಸ್ತಿಂಜಾಕ್ಕೆ, ಕೂಸಿನ ತಿಕ ತೊಳೆಯಲು, ಮುಟ್ಟಿನ ದಿನಗಳ ಶುಚಿತ್ವಕ್ಕೆ ಎಷ್ಟು ಬೇಕೋ ಅಷ್ಟು ಬಳಸಲಿ. ಮುಟ್ಟಿನ ದಿನ ಬಚ್ಚಲಲ್ಲಿ ಹತ್ತು ನಿಮಿಷ ಹೆಚ್ಚು ನಿಂತ ಹುಡುಗಿಯನ್ನು ಹೊರಗಿನಿಂದ ಬಾಗಿಲು ಬಡಿದು ಗದರಿಸುವುದು ಯಾವ ಮಿತವ್ಯಯವೂ ಅಲ್ಲ. ಶೌಚಾಲಯಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ, ಮಕ್ಕಳು ಏನೆಂದುಕೊಳ್ಳುತ್ತಾರೋ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರನ್ನು ನಾನು ನೋಡಿದ್ದೇನೆ. ಅವರ ಎದುರು ನೀರಿನ ಬಿಲ್ಲಿನ ಮಾತನ್ನೇ ಎತ್ತಬೇಡಿ. ರಮಝಾನಿನಲ್ಲಿ ಸಹ್ರಿ, ಇಫ್ತಾರ್ ಪಾತ್ರೆಗಳು, ನೆಂಟರು, ತರಾವೀಹ್‌ನ ವುಝೂ ಎಲ್ಲ ಸೇರಿ ಬಿಲ್ ಏರುವುದು ಸಹಜ, ಆ ತಿಂಗಳ ಬಿಲ್ ನೋಡಿ ಗಾಬರಿ ಬೀಳುವ ಅಗತ್ಯವಿಲ್ಲ.

ಉಳಿಸಿದ ನೀರನ್ನು ಇಡುವ ರೀತಿಯಲ್ಲೂ ಎಚ್ಚರ ಬೇಕು. ದಿನ ಬಿಟ್ಟು ದಿನ ನೀರು ಬರುವ ಬಡಾವಣೆಗಳಲ್ಲಿ ಡ್ರಮ್ಮು, ಕೊಡ, ಬಕೆಟು ಎಲ್ಲವೂ ತುಂಬಿರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಇಂಥ ತಿಳಿನೀರಿನಲ್ಲಿಯೇ. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ಹಾಕಿತು. ಮುಚ್ಚಳ ಇಲ್ಲದ ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ, ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಮೊಟ್ಟೆ ಗೋಡೆಗೇ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಒಬ್ಬರ ಡೆಂಗಿ ಜ್ವರಕ್ಕೆ ಆಸ್ಪತ್ರೆಯಲ್ಲಿ ಆಗುವ ಖರ್ಚಿನ ಮುಂದೆ ವರ್ಷದ ನೀರಿನ ಬಿಲ್ ಲೆಕ್ಕಕ್ಕಿಲ್ಲ.

ಅಣ್ಣ ತಮ್ಮಂದಿರು ಒಂದೇ ಮನೆಯ ಎರಡು ಮಹಡಿಗಳಲ್ಲಿ ಇರುವಾಗ ಬಿಲ್ ಹಂಚುವುದೊಂದು ಮೌನ ಜಗಳ. ಅರ್ಧರ್ಧ ಎಂದರೆ ನಾಲ್ವರಿರುವವನಿಗೆ ನೋವು, ತಲೆಗಿಷ್ಟು ಎಂದರೆ ಮಕ್ಕಳು ಹೆಚ್ಚಿರುವವನಿಗೆ ಅವಮಾನ. ಮೇಲಿನ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ಕುಳಿತು ನೋಡಿದರೆ ಕೋಪ ಅರ್ಧ ಇಳಿಯುತ್ತದೆ. 646ರಲ್ಲಿ ಅಣ್ಣನ ನಿಜವಾದ ನೀರು 235, ತಮ್ಮನದು 146. ಉಳಿದ 265 ಇಬ್ಬರಲ್ಲಿ ಯಾರ ತಪ್ಪೂ ಅಲ್ಲ, ಒಟ್ಟಿಗಿದ್ದುದರ ಶುಲ್ಕ. ನನ್ನ ಅಭಿಪ್ರಾಯದಲ್ಲಿ ಬೇರೆಯಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ಅವರವರು ಕೊಡಲಿ, ಈ 265ನ್ನು ಸರಿಸಮ ಹಂಚಿಕೊಳ್ಳಲಿ. ತಂದೆ ತಾಯಿ ಯಾವ ಮಹಡಿಯಲ್ಲಿ ಮಲಗಿದರೂ ಅವರ ನೀರನ್ನು ಯಾರ ತಲೆಗೂ ಎಣಿಸದೆ ಇಬ್ಬರೂ ಸೇರಿ ಕೊಡಲಿ. ಎರಡು ಮಹಡಿಗೂ ಪ್ರತ್ಯೇಕ ಖಾತೆ, ಪ್ರತ್ಯೇಕ ಅಡುಗೆಮನೆ ಇದ್ದರೆ ಎರಡನೇ ಸಂಪರ್ಕ ಸಿಗುತ್ತದೆಯೇ ಎಂದು ಜಲಮಂಡಳಿಯ ಉಪವಿಭಾಗದ ಕಚೇರಿಯಲ್ಲಿ ಕೇಳಿನೋಡಿ. ಠೇವಣಿ, ರಸ್ತೆ ಅಗೆತದ ಖರ್ಚು ಎಷ್ಟೆಂದು ಮೊದಲೇ ತಿಳಿದುಕೊಂಡು, ಎಷ್ಟು ವರ್ಷದಲ್ಲಿ ಅದು ವಾಪಸು ಬರುತ್ತದೆಂದು ಎಣಿಸಿಯೇ ಮುಂದುವರಿಯಿರಿ.

ವಾರವಾರ ಬರೆದಿಟ್ಟ ಅಂಕಿಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಬಿಲ್ಲಿನ ರೀಡಿಂಗ್ ನಿಮ್ಮ ಕ್ಯಾಲೆಂಡರಿಗೆ ಹೊಂದದಿದ್ದರೆ, ಅಥವಾ ನೀರು ಬರುವ ಮೊದಲು ಬರೀ ಗಾಳಿಗೇ ಮೀಟರ್ ತಿರುಗುವುದು ಕಂಡರೆ, ಫೋನಿನಲ್ಲಿ ಚಿತ್ರ ತೆಗೆದಿಟ್ಟು 1916ಕ್ಕೆ ದೂರು ಕೊಡಿ. ಜಲಮಂಡಳಿ ನಡೆಸುವ ನೀರಿನ ಅದಾಲತ್‌ಗೂ ಹೋಗಬಹುದು. ಅಲ್ಲಿ 'ಬಿಲ್ ಜಾಸ್ತಿ ಬಂದಿದೆ ಸಾರ್' ಎನ್ನುವವನ ಮಾತಿಗಿಂತ ಎಂಟು ಶುಕ್ರವಾರದ ಅಂಕಿ ತೋರಿಸುವವನ ಮಾತಿಗೆ ಬೆಲೆ ಹೆಚ್ಚು.

ಕೊನೆಯದಾಗಿ ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಬಿದ್ದದ್ದರಲ್ಲಿ ಐದನೇ ಒಂದು ಪಾಲು ವ್ಯರ್ಥವಾದರೂ 70,000 ಲೀಟರ್ ಸಿಗುತ್ತದೆ. ಹತ್ತು ಜನರ ಒಂದೂವರೆ ತಿಂಗಳಿಗೂ ಮಿಕ್ಕ ನೀರು ಅದು. ಎಲ್ಲವನ್ನೂ ಹಿಡಿದಿಡಲು ಜಾಗ ಯಾರಿಗೂ ಇಲ್ಲ, ಆದರೆ ತಾರಸಿಯ ಪೈಪಿಗೆ ಜಾಲರಿ ಹಾಕಿ ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ತಿರುಗಿಸುವುದು ಅರ್ಧ ದಿನದ ಕೆಲಸ. ಮಳೆಗಾಲದಲ್ಲಿ ಅದು ಮತ್ತೆ ಮತ್ತೆ ತುಂಬುತ್ತದೆ. ಮಳೆನೀರು ಮೃದು, ಬಟ್ಟೆಗೆ ಸಾಬೂನು ಕಡಿಮೆ ಸಾಕು. ದೊಡ್ಡ ನಿವೇಶನಗಳವರಿಗೆ 2009ರಿಂದ ಮಳೆಕೊಯ್ಲು ಕಾನೂನಿನ ಮಾತೂ ಹೌದು, ಮಾಡದವರ ಬಿಲ್ಲಿಗೆ ದಂಡ ಸೇರುತ್ತದೆ. ಸಣ್ಣ ನಿವೇಶನದವರನ್ನು ಯಾರೂ ಕೇಳುವುದಿಲ್ಲ, ಆದರೆ ಲಾಭ ಹೆಚ್ಚು ಬೇಕಿರುವುದು ಅವರಿಗೇ. ಮೊದಲ ಮಳೆಯ ಹತ್ತು ಹದಿನೈದು ನಿಮಿಷದ ನೀರನ್ನು ಮಾತ್ರ ಹೊರಗೆ ಬಿಡಿ, ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಅದರಲ್ಲಿ ತೊಳೆದು ಹೋಗುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮುನ್ನವೇ ಒಮ್ಮೆ ತಾರಸಿ ಗುಡಿಸಿ, ಪೈಪಿನ ಬಾಯಿಯ ಎಲೆಗಳನ್ನು ತೆಗೆದಿಡಿ.